ಪ್ಯಾಂಕ್ರಿಯಾಸ್ ಕ್ಯಾನ್ಸರ್: ಎಂಜೈಮ್ ಕ್ಯಾಪ್ಸೂಲ್ ಊಟ ಆದ್ಮೇಲೆ ಅಲ್ಲ, ಊಟದ ಜೊತೆ

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್‌ಗೆ ಅಂತ ಕೋಲಾರದಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಮನೆಯವರಿಗೆ ಕಿಮೊ ತಾರೀಖು ಬಾಯಿಪಾಠ. ಜೊತೆಗೆ ಬರೆದುಕೊಟ್ಟ, ಊಟ ಜೀರ್ಣಿಸಲು ನೆರವಾಗುವ ಎಂಜೈಮ್ ಕ್ಯಾಪ್ಸೂಲ್ ಯಾವಾಗ ನುಂಗಬೇಕು ಅಂತ ಕೇಳಿ ನೋಡಿ. "ಊಟ ಆದ್ಮೇಲೆ" ಅಂತಾರೆ. ಎಡವಟ್ಟಾಗುವುದು ಅಲ್ಲೇ.

ಹಂತ 1: ಯಾವ ಕಿಮೊ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕಾಯಿಲೆ ಹರಡಿದ್ದರೂ ಮೈಯಲ್ಲಿ ಶಕ್ತಿ ಇರುವವರಿಗೆ ಫೋಲ್ಫಿರಿನಾಕ್ಸ್ (ಹಲವು ಔಷಧಿ ಸೇರಿಸಿದ ಕಿಮೊ), ಇಲ್ಲವೇ ಜೆಮ್‌ಸಿಟಬಿನ್ ಜೊತೆ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್. ತೀರಾ ಸುಸ್ತಾದವರಿಗೆ ಜೆಮ್‌ಸಿಟಬಿನ್ ಒಂದೇ ಕೊಡುವುದುಂಟು. ಇವು ಕಾಯಿಲೆಯನ್ನು ಹತೋಟಿಯಲ್ಲಿಡುತ್ತವೆ, ಪೂರ್ತಿ ವಾಸಿ ಮಾಡುವುದಿಲ್ಲ. ಬಿಆರ್‌ಸಿಎ ಅನ್ನುವ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷ ಇದೆಯೇ ಅಂತ ನೋಡುವ ಪರೀಕ್ಷೆ ಬಗ್ಗೆಯೂ ಕೇಳಿ. ಅದರಲ್ಲಿ ದೋಷ ಸಿಕ್ಕಿ, ಪ್ಲಾಟಿನಂ ಕಿಮೊಗೆ (ಫೋಲ್ಫಿರಿನಾಕ್ಸ್‌ನಲ್ಲಿರುವ ಆಕ್ಸಾಲಿಪ್ಲಾಟಿನ್ ಈ ಜಾತಿಯದು) ಕಾಯಿಲೆ ಹತೋಟಿಗೆ ಬಂದರೆ ಒಲಾಪರಿಬ್ ಮಾತ್ರೆ ಕೊಡಬಹುದು.

ಹಂತ 2: ಕ್ಯಾಪ್ಸೂಲ್. ಮಲ ಜಿಡ್ಡಾಗಿ ತೇಲುತ್ತಿದ್ದರೆ, ತಿಂದರೂ ತೂಕ ಇಳಿಯುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಅಂತ ಅರ್ಥ. ತೂಕ ಇಳಿದಷ್ಟೂ ಕಿಮೊ ತಡೆದುಕೊಳ್ಳುವುದು ಕಷ್ಟ. ಕ್ಯಾಪ್ಸೂಲ್ ಅನ್ನದ ಜೊತೆ ಬೆರೆತರೆ ಮಾತ್ರ ಕೆಲಸ ಮಾಡುತ್ತದೆ. ಮುದ್ದೆಯ ಮೊದಲ ತುತ್ತು ಇಳಿದ ಕೂಡಲೇ ನುಂಗಿ. ಒಂದಕ್ಕಿಂತ ಜಾಸ್ತಿ ಬರೆದಿದ್ದರೆ ಉಳಿದದ್ದು ಊಟದ ನಡುವೆ. ಮುದ್ದೆ ಹಾಗೇ ಇದನ್ನೂ ಅಗಿಯಬೇಡಿ, ಅಗಿದರೆ ಬಾಯಿ ಹುಣ್ಣಾಗುತ್ತದೆ. ಬಿಸಿ ಬಸ್ಸಾರಿನ ಜೊತೆ ಬೇಡ, ಬಿಸಿಗೆ ಎಂಜೈಮ್ ಕೆಡುತ್ತದೆ. ಫ್ರಿಜ್ ನೀರೂ ಬೇಡ, ಫೋಲ್ಫಿರಿನಾಕ್ಸ್‌ನಲ್ಲಿರುವ ಆಕ್ಸಾಲಿಪ್ಲಾಟಿನ್‌ನಿಂದ ತಣ್ಣಗಿನದು ತಾಗಿದರೆ ಗಂಟಲು, ಬೆರಳು ಜುಮ್ಮೆನ್ನುತ್ತವೆ. ಸಾದಾ ನೀರು ಸಾಕು. ಡೋಸ್ ಸಾಮಾನ್ಯವಾಗಿ ಊಟಕ್ಕೆ 40,000ದಿಂದ 50,000 ಯೂನಿಟ್‌ನಿಂದ ಶುರು, ಬಿಸ್ಕತ್ತು-ಹಾಲಿಗೆ ಅದರ ಅರ್ಧ. ಬೆಳಗಿನ ಇಡ್ಲಿ, ದೋಸೆ ಊಟದ ಲೆಕ್ಕವೇ. ಹೆಚ್ಚು-ಕಡಿಮೆ ಮಾಡುವುದು ಡಾಕ್ಟರ ಕೆಲಸ. ಇದು ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ್ದು. ಬೇಡ ಅನ್ನುವವರು ಸುಮ್ನೆ ಬಿಸಾಡದೆ ಮೊದಲೇ ಡಾಕ್ಟರಿಗೆ ಹೇಳಿ. ಮೆಡಿಕಲ್ ಶಾಪಿನ ಬಣ್ಣದ ಜೀರ್ಣದ ಸಿರಪ್ ಇದಕ್ಕೆ ಸಾಟಿಯೇ ಅಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಯಾರೋ ಕೊಟ್ಟ ಕಷಾಯವನ್ನಂತೂ ಕಿಮೊ ನಡೆಯುವಾಗ ಡಾಕ್ಟರಿಗೆ ಹೇಳದೆ ಕುಡಿಯಲೇಬೇಡಿ.

ಹಂತ 3: ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಕಿಮೊ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಡೋಲೊ ನುಂಗಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ, ಕಿಮೊ ಫೈಲು ಜೊತೆಗಿರಲಿ.