ಹಗುರ ಕಿಟ್ ಕಾರಿಗೆ ಮನೆಯಂಗಳದಲ್ಲೇ ಆರೈಕೆ

ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಜೋಡಿಸುವ ಕಾರಿಗೆ ಕಿಟ್ ಕಾರು ಎನ್ನುತ್ತಾರೆ; ಇಲ್ಲಿ ಹೇಳುವುದು ಎರಡು ಆಸನದ ಹಗುರ ಸ್ಪೋರ್ಟ್ಸ್ ಕಾರಿನ ಮಾತು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಲೋಟಸ್ ಸೆವೆನ್ ಈ ಬಗೆಯ ಕಾರುಗಳಿಗೆ ಮಾದರಿಯಾಯಿತು. 1973ರಿಂದ ಅದೇ ವಿನ್ಯಾಸವನ್ನು ಕೇಟರ್‌ಹ್ಯಾಮ್ ಕಂಪನಿ ಮುಂದುವರಿಸಿಕೊಂಡು ಬಂದಿದೆ. ಉಕ್ಕಿನ ಪೈಪುಗಳ ಚಾಸಿ (ಕಾರಿನ ಚೌಕಟ್ಟು), ಅಲ್ಯೂಮಿನಿಯಂ ತಗಡಿನ ಮೈ, ಫೈಬರ್ ಮೂತಿ, ಐದಾರು ನೂರು ಕಿಲೋ ತೂಕ. ಮಳೆ ಚಳಿಯ ನಾಡಿನಲ್ಲಿ ಹುಟ್ಟಿದ ಈ ಕಾರಿಗೆ ಅಲ್ಲಿ ತುಕ್ಕಿನ ಕಾಟ. ಬಳ್ಳಾರಿಯಲ್ಲಿ ಅದನ್ನು ಕಾಡುವುದು ಅದಿರಿನ ಧೂಳು ಮತ್ತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಆದ್ದರಿಂದ ಇಲ್ಲಿನ ಆರೈಕೆಯ ಕ್ರಮವೇ ಬೇರೆಯಾಗಬೇಕು.

ಮೊದಲು ಕಾರನ್ನು ಎತ್ತಿ ನಿಲ್ಲಿಸುವ ಮಾತು. ನಮ್ಮ ಎರೆಮಣ್ಣಿನ ಅಂಗಳದಲ್ಲಿ ಜಾಕ್ ನಿಧಾನವಾಗಿ ಒಳಗೆ ಕುಸಿಯುತ್ತದೆ. ಕಡಪ ಕಲ್ಲು ಹಾಸಿದರೂ ಭಾರ ಒಂದೇ ಬಿಂದುವಿನ ಮೇಲೆ ಬಿದ್ದಾಗ ಕಲ್ಲು ಸೀಳಬಹುದು. ದಪ್ಪ ಮರದ ಹಲಗೆಯೇ ವಾಸಿ. ಚಾಸಿಯ ಕೊಳವೆಗಳು ಕೂಡುವ ಜಾಗದ ಕೆಳಗೆ ನಾಲ್ಕು ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿನ ಭಾರ ಹೊರುವ ಉಕ್ಕಿನ ಕಾಲು) ಕೊಟ್ಟು, ಕಾರನ್ನು ಕೈಯಿಂದ ಅಲುಗಾಡಿಸಿ ನೋಡಿದ ಮೇಲಷ್ಟೇ ಅಡಿಗೆ ಹೋಗಬೇಕು. ಬರೀ ಜಾಕ್ ನಂಬಿ ಅಥವಾ ಇಟ್ಟಿಗೆ ಜೋಡಿಸಿ ಒಳಗೆ ನುಸುಳುವುದು ಪ್ರಾಣಕ್ಕೆ ಅಪಾಯ.

ಇನ್ನು ಧೂಳು. ಸಂಡೂರು, ತೋರಣಗಲ್ಲಿನ ಕಡೆಯ ರಸ್ತೆಯಲ್ಲಿ ಒಂದು ದಿನ ಓಡಿದ ಕಾರಿನ ಚಕ್ರ ಬಿಚ್ಚಿದರೆ, ಸಸ್ಪೆನ್ಶನ್ ತೋಳಿನ (ಚಕ್ರವನ್ನು ಚಾಸಿಗೆ ಜೋಡಿಸುವ ಸರಳಿನ) ಕೀಲುಗಳ ಸುತ್ತ ಕುಂಕುಮದಂಥ ಕೆಂಪು ಪುಡಿ ಕೂತಿರುವುದು ಕಾಣುತ್ತದೆ. ಅದು ಹೆಮಟೈಟ್ ಎಂಬ ಕಬ್ಬಿಣದ ಅದಿರು, ಸಾಮಾನ್ಯ ಉಕ್ಕಿಗಿಂತ ಗಟ್ಟಿಯಾದ ಕಣ. ಗ್ರೀಸಿನೊಂದಿಗೆ ಬೆರೆತರೆ ಅದು ಉಜ್ಜುಪುಡಿಯಂತೆ ಕೆಲಸ ಮಾಡಿ ಕೀಲನ್ನು ತಿನ್ನುತ್ತದೆ. ಕಿಟ್ ಕಾರುಗಳಲ್ಲಿ ಹೆಚ್ಚಾಗಿ ಇರುವ ರಾಡ್ ಎಂಡ್ ಬೇರಿಂಗುಗಳ (ಸರಳಿನ ತುದಿಯಲ್ಲಿ ಕೂರುವ ಗುಂಡು ಕೀಲುಗಳ) ಒಳಗೆ ಜಾರುವ ಟೆಫ್ಲಾನ್ ಪದರವಿದ್ದರೆ ಅವುಗಳಿಗೆ ಗ್ರೀಸ್ ಹಚ್ಚಲೇಬಾರದು. ಒಣ ಬ್ರಷ್ಷಿನಿಂದ ಪುಡಿ ಉದುರಿಸಿ, ಬಟ್ಟೆಯಿಂದ ಒರೆಸಿ, ರಬ್ಬರ್ ಬೂಟ್ ತೊಡಿಸಿದರೆ ಸಾಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ‘ಟಕ್’ ಎಂಬ ಸದ್ದು ಬಂದರೆ, ಅದು ವೀಲ್ ಬೇರಿಂಗಿನದೋ ಕೀಲಿನದೋ ಎಂದು ಮತ್ತೊಬ್ಬರ ಬೆರಳನ್ನು ಕೀಲಿನ ಮೇಲೆ ಇರಿಸಿ ಪರೀಕ್ಷಿಸಬೇಕು. ಕೀಲು ಸವೆದಿದ್ದರೆ ಬದಲಿಸುವುದೊಂದೇ ದಾರಿ. ಪೇಪರ್ ಏರ್ ಫಿಲ್ಟರಿಗೆ ಗಾಳಿ ಹೊಡೆಯುವಾಗ ಯಾವಾಗಲೂ ಒಳಗಿನಿಂದ ಹೊರಕ್ಕೆ ಹೊಡೆಯಬೇಕು.

ಎಂಜಿನ್ ಬಿಸಿಯಾದಾಗ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆಗೆದುಹಾಕಿ ಎಂದು ಸಲಹೆ ಕೊಡುವವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ತಗ್ಗಾದ ಮೂತಿಯ ಈ ಕಾರುಗಳಲ್ಲಿ ಗಾಳಿ ರೇಡಿಯೇಟರಿನ ಒಳಗೆ ಹಾಯದೆ ಪಕ್ಕದ ಸಂದುಗಳಿಂದ ಜಾರಿಹೋಗುವುದೇ ಹೆಚ್ಚಿನ ಸಲ ತೊಂದರೆಯ ಮೂಲ; ಆ ಸಂದುಗಳನ್ನು ತಗಡು ಮತ್ತು ಸ್ಪಂಜಿನಿಂದ ಮುಚ್ಚಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿಸುವುದರಿಂದ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಅನ್ನೇ ತುಂಬಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ತೇವ ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಹೀಗಾಗಿ ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಫೈಬರ್ ಮೂತಿಯ ಬಿರುಕಿಗೆ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಬೇಕು. ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡು ಭಾಗ. ಒಂದು ಏಪ್ರಿಲ್ ಮಧ್ಯಾಹ್ನ ನಾನು ಎರಡು ಭಾಗ ಬೆರೆಸಿದೆ; ಬ್ರಷ್ ಅದ್ದುವಷ್ಟರಲ್ಲಿ ಡಬ್ಬಿ ಕೈ ಸುಡುವಷ್ಟು ಕಾದು, ರೆಸಿನ್ ಕಲ್ಲಾಯಿತು. ಅಂದಿನಿಂದ ಒಂದೇ ಭಾಗ ಬೆರೆಸಿ, ಬೆಳಿಗ್ಗೆ ಏಳರೊಳಗೆ ಕೆಲಸ ಮುಗಿಸುತ್ತೇನೆ. ಹಾರ್ಡ್‌ನರನ್ನು ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಆಕ್ಸಿಲರೇಟರಿಗೆ ನೇರವಾಗಿ ಎಂದೂ ಸೇರಿಸಬಾರದು; ಸ್ಫೋಟವಾಗಬಹುದು.

ಇಷ್ಟು ಸರಿಯಾದ ಮೇಲೆ ಮಾರ್ಪಾಡು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ನೋಂದಾಯಿತ ವಾಹನವನ್ನು ಬದಲಿಸುವಂತಿಲ್ಲ. ನೋಂದಣಿಯಿಲ್ಲದ ಕಾರನ್ನು ಸ್ವಂತ ಜಾಗ ಅಥವಾ ರೇಸ್ ಟ್ರ್ಯಾಕಿನ ಆಚೆ ಓಡಿಸಬಾರದು. ಟ್ರ್ಯಾಕಿಗೂ ಬೇರೆ ವಾಹನದ ಮೇಲೆ ಹೇರಿಕೊಂಡೇ ಒಯ್ಯಬೇಕು.

ದೊಡ್ಡ ಎಂಜಿನ್ನಿನ ಆಸೆಗಿಂತ ಮೊದಲು ನಾಲ್ಕು ಚಕ್ರಗಳ ತೂಕ ಹೊಂದಿಸುವುದು ಲೇಸು. ಖರ್ಚು ಕಡಿಮೆ, ಫಲ ಹೆಚ್ಚು. ಮೆಣಸಿನಕಾಯಿ ಚೀಲ ತೂಗುವ 300 ಕಿಲೋ ಸಾಮರ್ಥ್ಯದ ಒಂದೇ ಎತ್ತರದ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಪರಿಚಯದ ಅಂಗಡಿಯವರಿಂದ ರಜೆಯ ದಿನ ಕೇಳಿ ತರಬಹುದು. ನೀರುಮಟ್ಟದ ಟ್ಯೂಬ್ ಹಿಡಿದು ನಾಲ್ಕನ್ನೂ ಸಮವಾಗಿ ಇರಿಸಿ, ಟೈರಿಗೆ ಸರಿಯಾದ ಗಾಳಿ ತುಂಬಿ, ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಕೂಡಿಸುವ ಸರಳು) ಇದ್ದರೆ ಅದರ ಲಿಂಕ್ ಬಿಚ್ಚಿ, ಚಾಲಕನ ಸೀಟಿನಲ್ಲಿ ಅವರಷ್ಟೇ ತೂಕದ ಮರಳು ಚೀಲ ಇಟ್ಟು, ಕಾರನ್ನು ತಕ್ಕಡಿಗಳ ಮೇಲೆ ಏರಿಸಬೇಕು. ಮುಂದಿನ ಎಡಕ್ಕೆ 128 ಕಿಲೋ, ಹಿಂದಿನ ಬಲಕ್ಕೆ 142 ಬಂದರೆ ಆ ಓರೆಯ, ಅಂದರೆ ಮೂಲೆಯಿಂದ ಮೂಲೆಗಿನ ಜೋಡಿಯ, ಮೊತ್ತ 270. ಮುಂದಿನ ಬಲ 140, ಹಿಂದಿನ ಎಡ 150 ಇದ್ದರೆ ಮೊತ್ತ 290. ಎರಡು ಮೊತ್ತಗಳೂ ಸಮವಾಗಬೇಕು, ಇಲ್ಲದಿದ್ದರೆ ಕಾರು ಎಡ ತಿರುವಿನಲ್ಲಿ ಒಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಕಡಿಮೆ ಇರುವ ಓರೆಯ ಸ್ಪ್ರಿಂಗ್ ಸೀಟನ್ನು (ಸ್ಪ್ರಿಂಗ್ ಕೂರುವ ತಿರುಗುವ ಬಳೆಯನ್ನು) ಅರ್ಧ ಸುತ್ತು ಮೇಲಕ್ಕೆ ತಿರುಗಿಸಿ, ಕಾರನ್ನು ನಾಲ್ಕು ಸಲ ಒತ್ತಿ ಕುಣಿಸಿ, ಮತ್ತೆ ತೂಕ ಓದಬೇಕು. ಹೊಂದಿಕೆಯಾದ ಮೇಲೆ ಲಾಕ್ ನಟ್ ಬಿಗಿದು, ನಟ್ಟು ಮತ್ತು ಅದು ಕೂತ ಥ್ರೆಡ್ಡಿನ ಮೇಲೆ ಹಾಯುವಂತೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಬೇಕು. ಮುಂದಿನ ಸಲ ಚಕ್ರ ಬಿಚ್ಚಿದಾಗ ಗೆರೆ ತುಂಡಾಗಿ ಕಂಡರೆ ನಟ್ಟು ಸಡಿಲಾಗಿದೆ ಎಂದು ಕಣ್ಣಳತೆಯಲ್ಲೇ ತಿಳಿಯುತ್ತದೆ.