ನೊರೆ ಬಂತು ಸರಿ, ಬಲೂನ್ ಯಾಕೆ ಊದ್ಲಿಲ್ಲ? ಸೋಡಾ–ವಿನೆಗರ್ ಲೆಕ್ಕ ಹೀಗೆ

ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದ್ರೆ ಬುಸ್ ಅಂತ ನೊರೆ ಉಕ್ಕೋದನ್ನ ಎಲ್ರೂ ನೋಡಿರ್ತೀರಿ. ಆದ್ರೆ ಅದೇ ಎರಡನ್ನ ಬಾಟ್ಲಿಗೆ ಹಾಕಿ ಬಲೂನ್ ಊದಿಸೋಕೆ ಹೋದ್ರೆ ಸುಮಾರು ಜನಕ್ಕೆ ಬಲೂನ್ ಎದ್ದೇ ನಿಲ್ಲಲ್ಲ, ಮುಖ ಜೋಲು ಹಾಕ್ಕೊಂಡು ಬಾಟ್ಲಿ ಪಕ್ಕಕ್ಕೆ ವಾಲ್ಕೊಂಡಿರತ್ತೆ. ನಂದೂ ಮೊದಲ ಸಲ ಹಾಗೇ ಆಯ್ತು. ಜಾಸ್ತಿ ಹಾಕಿದ್ರೆ ಜಾಸ್ತಿ ಗ್ಯಾಸ್ ಅಂದ್ಕೊಂಡು ಮೂರು ಚಮಚ ಸೋಡಾ ಸುರಿದಿದ್ದೆ, ವಿನೆಗರ್ ಮಾತ್ರ ಚಿಕ್ಕ ಲೋಟದಲ್ಲಿ ಅರ್ಧ. ನೊರೆ ಇಳಿದ ಮೇಲೆ ನೋಡಿದ್ರೆ ತಳದಲ್ಲಿ ಒದ್ದೆ ಸುಣ್ಣದ ಥರ ಬಿಳಿ ಪದರ ಹಾಗೇ ಕೂತಿತ್ತು. ಅಂದ್ರೆ ಸೋಡಾ ಇದೆ, ಅದಕ್ಕೆ ಜೊತೆ ಕೊಡೋಕೆ ಆಸಿಡ್ಡೇ ಖಾಲಿ.

ಒಳಗೆ ಏನಾಗತ್ತೆ ಅಂತ ಮೊದಲು ನೋಡೋಣ. ಅಡುಗೆ ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬನೇಟ್. ವಿನೆಗರ್ ಅಂದ್ರೆ ಮುಕ್ಕಾಲು ಮೂರು ಪಾಲು ನೀರೇ, ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 5 ಭಾಗ ಅಸಿಟಿಕ್ ಆಸಿಡ್ ಇರತ್ತೆ ಅಷ್ಟೇ. ಎರಡೂ ಸೇರಿದ ತಕ್ಷಣ ಆಸಿಡ್ ತನ್ನ ಹತ್ರ ಇರೋ ಹೈಡ್ರೋಜನ್ ಅಯಾನನ್ನ ಬೈಕಾರ್ಬನೇಟಿಗೆ ದಾಟಿಸತ್ತೆ, ಅದು ಕಾರ್ಬಾನಿಕ್ ಆಸಿಡ್ ಆಗತ್ತೆ, ಆದ್ರೆ ಈ ಕಾರ್ಬಾನಿಕ್ ಆಸಿಡ್ ಜಾಸ್ತಿ ಹೊತ್ತು ನಿಲ್ಲೋ ಜಾತಿ ಅಲ್ಲ, ಒಡೆದು ನೀರು ಮತ್ತೆ ಕಾರ್ಬನ್ ಡೈಆಕ್ಸೈಡ್ ಆಗೋಗತ್ತೆ. ನೊರೆ ಆ ಗ್ಯಾಸಿಂದ ಬರೋದು. ಉಳಿಯೋದು ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು ಕರಗಿರೋ ನೀರು.

ಈಗ ಲೆಕ್ಕ. 84 ಗ್ರಾಂ ಸೋಡಾಗೆ 60 ಗ್ರಾಂ ಅಸಿಟಿಕ್ ಆಸಿಡ್ ಬೇಕು. ಆದ್ರೆ ವಿನೆಗರಲ್ಲಿ ಆಸಿಡ್ ಇರೋದೇ ನೂರಕ್ಕೆ 5, ಹಾಗಾಗಿ 60 ಗ್ರಾಂ ಆಸಿಡ್ ಬೇಕಂದ್ರೆ 1200 ಗ್ರಾಂ ವಿನೆಗರ್ ಸುರೀಬೇಕು! ಅದನ್ನ ಚಿಕ್ಕದು ಮಾಡಿದ್ರೆ, ಒಂದು ಟೀ ಚಮಚ ಸೋಡಾಗೆ, ಅಂದ್ರೆ ಹತ್ರ ಹತ್ರ 5 ಗ್ರಾಮಿಗೆ, 70 ಎಂಎಲ್‌ಗಿಂತ ಸ್ವಲ್ಪ ಜಾಸ್ತಿ ವಿನೆಗರ್. ನಾನು ಹಾಕಿದ ಮೂರು ಚಮಚಕ್ಕೆ 200 ಎಂಎಲ್ ಮೇಲೇ ಬೇಕಿತ್ತು, ನಾನು ಸುರಿದಿದ್ದು 50.

ಮಾಡೋ ವಿಧಾನಕ್ಕೆ ಬರೋಣ. ಅರ್ಧ ಲೀಟರ್ ಬಾಟ್ಲಿಗೆ 75 ಎಂಎಲ್ ವಿನೆಗರ್ ಅಳೆದು ಹಾಕಿ. ಬಲೂನನ್ನ ಮೊದಲು ಒಂದೆರಡು ಸಲ ಬಾಯಲ್ಲಿ ಊದಿ ಗಾಳಿ ಬಿಟ್ಬಿಡಿ, ಹೊಸ ರಬ್ಬರ್ ಬಿಗಿ ಇರತ್ತೆ, ಸಡಿಲ ಆದ್ರೆ ಗ್ಯಾಸಿಗೆ ಕೆಲಸ ಹಗುರ. ಆಮೇಲೆ ಕಾಗದ ಸುತ್ತಿ ಕೊಳವೆ ಥರ ಮಾಡ್ಕೊಂಡು ಬಲೂನ್ ಒಳಗೆ ಒಂದು ಚಮಚ ಸೋಡಾ ಇಳಿಸಿ, ಗುಡ್ಡೆ ಮಾಡ್ಬೇಡಿ, ಚಮಚದ ಅಂಚಿಗೆ ಸಮ ಇರ್ಲಿ. ಬಲೂನ್ ಬಾಯನ್ನ ಬಾಟ್ಲಿ ಕುತ್ತಿಗೆಗೆ ಎಳೆದು ಹಾಕೋವಾಗ ಬಲೂನ್ ಕೆಳಗೆ ನೇತಾಡ್ತಾ ಇರ್ಬೇಕು, ಪುಡಿ ಈಗ್ಲೇ ಬೀಳ್ಬಾರ್ದು. ಎಲ್ಲಾ ಬಿಗಿ ಆಯ್ತು ಅಂತ ಖಾತ್ರಿ ಆದ್ಮೇಲೆ ಬಲೂನ್ ಎತ್ತಿ ಅಲ್ಲಾಡಿಸಿ, ಕುತ್ತಿಗೆ ಹತ್ರ ಕೈ ಬಿಡ್ಬೇಡಿ.

ಈ ಅಳತೆಗೆ 1.4 ಲೀಟರ್ ಆಸುಪಾಸು ಗ್ಯಾಸ್ ಹುಟ್ಟತ್ತೆ, ಅದರಲ್ಲಿ ಸ್ವಲ್ಪ ನೀರಲ್ಲೇ ಕರಗಿರತ್ತೆ, ಉಳಿದಿದ್ದಕ್ಕೆ ಬಲೂನ್ ಸುಮಾರು 13 ಸೆಂಟಿಮೀಟರ್ ಅಗಲ ಆಗ್ಬೇಕು. ಗ್ಯಾಸ್ ತೂಕಾನೂ ಕಮ್ಮಿ ಏನಲ್ಲ ನೋಡಿ, 5 ಗ್ರಾಂ ಸೋಡಾದಿಂದ 2.6 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಅಂದ್ರೆ ಹಾಕಿದ ಪುಡಿಯ ತೂಕದ ಅರ್ಧಕ್ಕಿಂತ ಜಾಸ್ತಿ. ಹಾಗಂತ ಬಾಟ್ಲಿಗೆ ಮುಚ್ಚಳ ತಿರುಗಿಸಿ ಆಟ ನೋಡೋಕೆ ಹೋಗ್ಬೇಡಿ, ಇಷ್ಟು ಗ್ಯಾಸ್ ಅರ್ಧ ಲೀಟರಲ್ಲಿ ಸಿಕ್ಕಾಕ್ಕೊಂಡ್ರೆ ವಾತಾವರಣದ ಒತ್ತಡಕ್ಕಿಂತ ಮೂರು ಪಟ್ಟು ಜಾಸ್ತಿ ಒತ್ತಡ ಬಾಟ್ಲಿ ಒಳಗೆ ಕೂರತ್ತೆ, ಗಾಜಿಂದಾದ್ರಂತೂ ಕೇಳೋದೇ ಬೇಡ.

ನೊರೆ ಏಳ್ತಾ ಇರೋವಾಗ ಬಾಟ್ಲಿ ತಳ ಮುಟ್ಟಿ ನೋಡಿ, ತಣ್ಣಗಾಗಿರತ್ತೆ. ರಿಯಾಕ್ಷನ್ ಅಂದ್ರೆ ಬಿಸಿ ಅಂತ ನಮ್ಮ ತಲೇಲಿ ಕೂತ್ಬಿಟ್ಟಿದೆ, ಇದು ಉಲ್ಟಾ, ಸುತ್ತಲಿನ ಶಾಖಾನೇ ಎಳ್ಕೊಳ್ಳತ್ತೆ. ಥರ್ಮಾಮೀಟರ್ ಇದ್ರೆ ಇಟ್ಟು ನೋಡಿ, ಕೆಲವು ಡಿಗ್ರಿ ಇಳಿಯತ್ತೆ.

ಎಲ್ಲಾ ಶಾಂತ ಆದ್ಮೇಲೆ ಯಾವುದು ಮಿಕ್ಕಿದೆ ಅಂತ ತಿಳ್ಕೊಳ್ಳೋದು ನನಗೆ ಬಲೂನಿಗಿಂತ ಇಷ್ಟ. ಉಳಿದ ನೀರನ್ನ ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಚಿಟಿಕೆ ಸೋಡಾ, ಇನ್ನೊಂದಕ್ಕೆ ಒಂದು ಚಮಚ ವಿನೆಗರ್. ಸೋಡಾ ಹಾಕಿದ್ದು ಬುಸುಗುಟ್ಟಿದ್ರೆ ಆಸಿಡ್ ಮಿಕ್ಕಿತ್ತು ಅಂತ, ವಿನೆಗರ್ ಹಾಕಿದ್ದು ಬುಸುಗುಟ್ಟಿದ್ರೆ ಸೋಡಾ ಮಿಕ್ಕಿತ್ತು ಅಂತ. ಎರಡೂ ಹೆಚ್ಚುಕಮ್ಮಿ ಸುಮ್ನಿದ್ರೆ ನಿಮ್ಮ ಅಳತೆ ಭೇಷ್.

ವಿನೆಗರ್ ಇಲ್ವಾ, ನಿಂಬೆರಸ ಆಗತ್ತೆ, ಅದರಲ್ಲಿರೋದು ಸಿಟ್ರಿಕ್ ಆಸಿಡ್. ಅದೇ ಸಿಟ್ರಿಕ್ ಆಸಿಡ್ ಪುಡಿ ರೂಪದಲ್ಲಿ ಸಿಕ್ಕಿದ್ರೆ ಇನ್ನೂ ಮಜಾ, ಒಂದೊಂದು ಅಣುನೂ ಮೂರು ಹೈಡ್ರೋಜನ್ ಬಿಟ್ಕೊಡತ್ತೆ, ಹಾಗಾಗಿ 4 ಭಾಗ ಸೋಡಾಗೆ 3 ಭಾಗ ಸಾಕು. ಒಣಗಿರೋವಾಗ ಎರಡು ಪುಡೀನೂ ಪಕ್ಕಪಕ್ಕ ತಣ್ಣಗೆ ಕೂತಿರ್ತವೆ, ನೀರು ಬಿದ್ರೆ ಮಾತ್ರ ಶುರು. ಬೇಕಿಂಗ್ ಪೌಡರ್ ಡಬ್ಬಿ ಒಳಗಿರೋ ಗುಟ್ಟೂ ಇದೇ, ಸೋಡಾ, ಒಣ ಆಸಿಡ್, ಜೊತೆಗೆ ತೇವ ಹೀರೋಕೆ ಒಂಚೂರು ಸ್ಟಾರ್ಚ್.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಸಿಂಕ್ ಕ್ಲೀನಿಂಗಿಗೆ ಎರಡನ್ನೂ ಬೆರೆಸಿ ಸುರೀರಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರಲ್ಲ, ನನ್ನ ಕೇಳಿದ್ರೆ ಅದು ಎರಡು ಒಳ್ಳೆ ಸಾಮಾನನ್ನ ದಂಡ ಮಾಡೋದು. ಸೋಡಾ ಒಂದೇ ಆಗಿದ್ರೆ ಉಜ್ಜಿ ಜಿಡ್ಡು ತೆಗೆಯತ್ತೆ, ವಿನೆಗರ್ ಒಂದೇ ಆಗಿದ್ರೆ ಕೆಟಲ್ ತಳದಲ್ಲಿ ಕಟ್ಟಿರೋ ಬಿಳಿ ಗಸಿ ಕರಗಿಸತ್ತೆ, ಅದೂ ಕಾರ್ಬನೇಟೇ ತಾನೇ, ಅಲ್ಲೂ ಸಣ್ಣ ಗುಳ್ಳೆ ಏಳತ್ತೆ. ಎರಡೂ ಸೇರಿದ್ರೆ ಒಂದನ್ನೊಂದು ಹೊಡೆದುಹಾಕಿ ಬರೀ ಉಪ್ಪುನೀರು, ನೊರೆ ಅಲ್ಲಾಡಿಸೋದ್ರಿಂದ ಅಷ್ಟೋ ಇಷ್ಟೋ ಕೊಳೆ ಬಿಡ್ಬೋದು. ಇನ್ನು ವಿನೆಗರನ್ನ ಬ್ಲೀಚ್ ಜೊತೆ ಮಾತ್ರ ಅಪ್ಪಿತಪ್ಪಿನೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಅದು ವಿಷ.

ಊದಿದ ಬಲೂನನ್ನ ಬಾಯಿ ಕಟ್ಟಿ ತೆಗೆದು, ಬರೀ ಗಾಳಿ ತುಂಬಿದ ಅಷ್ಟೇ ಗಾತ್ರದ ಇನ್ನೊಂದು ಬಲೂನ್ ಜೊತೆ ಒಂದೇ ಎತ್ತರದಿಂದ ಬಿಡಿ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ತೂಕ, ಅದು ಮೊದಲು ನೆಲ ಮುಟ್ಟತ್ತೆ. ಆಮೇಲೆ ಎರಡನ್ನೂ ರಾತ್ರಿ ಹಾಗೇ ಮೂಲೇಲಿ ಇಟ್ಬಿಡಿ, ಈ ಗ್ಯಾಸ್ ರಬ್ಬರ್ ಮೂಲಕ ಗಾಳಿಗಿಂತ ಬೇಗ ನುಸುಳಿ ಆಚೆ ಹೋಗತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ಸೋಡಾ ಬಲೂನ್ ಪಕ್ಕದ್ದಕ್ಕಿಂತ ಚೆನ್ನಾಗೇ ಸೊರಗಿರತ್ತೆ.