ಅಮೆರಿಕದ ಮಕ್ಕಳ ಸಾಕರ್ ಕ್ಲಬ್: ಕರಾವಳಿಯಿಂದ ಹೋದವರು ಫಾರ್ಮ್ ತುಂಬುವ ಮೊದಲು

ಜುಲೈಯಲ್ಲಿ ಅಮೆರಿಕದಿಂದ ಉಡುಪಿಗೆ ಬಂದವರ ಫೋನು ತೆಗೆದು ನೋಡಿ. ಓದದೇ ಬಿದ್ದಿರುವ ಮೇಲ್‌ಗಳಲ್ಲಿ ಮಕ್ಕಳ ಸಾಕರ್ (ನಮ್ಮ ಫುಟ್‌ಬಾಲ್) ಕ್ಲಬ್ಬಿನದ್ದು ಒಂದಾದರೂ ಇರುತ್ತದೆ. ಹೊರಗೆ ಜಡಿಮಳೆ, ಒಳಗೆ ಆಟಿ ತಿಂಗಳ ಪತ್ರೊಡೆ, ನಾಳೆ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಬೇಕು. ಆ ಮೇಲ್ ಯಾರು ನೋಡುತ್ತಾರೆ? ಆಗಸ್ಟಿನಲ್ಲಿ ವಾಪಸ್ ಹೋದಾಗ ಮಗುವಿನ ಹೆಸರು ವೇಟ್‌ಲಿಸ್ಟಿನಲ್ಲಿ ಇರುತ್ತದೆ. ಆಮೇಲೆ ನನಗೆ ಫೋನು.

ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗ ನಾನು ಇಂಥ ಒಂದು ಕ್ಲಬ್ಬಿನ ರಿಜಿಸ್ಟ್ರಾರ್ ಕೆಲಸ, ಅಂದರೆ ಮಕ್ಕಳ ನೋಂದಣಿ, ನೋಡಿಕೊಳ್ಳುತ್ತಿದ್ದೆ. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಜಾಸ್ತಿ. ಈಗ ಕುಂಜಿಬೆಟ್ಟಿನಲ್ಲಿ ಕೂತಿದ್ದರೂ ಮಂಗಳೂರು, ಮಣಿಪಾಲ, ಕುಂದಾಪುರದಿಂದ ಹೊಸದಾಗಿ ಅಲ್ಲಿಗೆ ಹೋದವರು ಕೇಳುವ ಪ್ರಶ್ನೆಗಳು ಬದಲಾಗಿಲ್ಲ. ಶೂ ಎಲ್ಲಿ ಸಿಗುತ್ತದೆ, ಬಾಲ್ ಯಾವ ಅಳತೆಯದ್ದು ಎಂಬುದನ್ನೆಲ್ಲ ನಾನು ಬರೆಯುವುದಿಲ್ಲ. ಅದು ಅಂಗಡಿಯವರೇ ಹೇಳುತ್ತಾರೆ.

ಮೊದಲನೆಯದಾಗಿ, ಕ್ಲಬ್ಬಿಗೆ ಆಫೀಸು ಇರುವುದಿಲ್ಲ. ಕೌಂಟರಿಗೆ ಹೋಗಿ ಮಾತಾಡಿ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ. ಅಧ್ಯಕ್ಷರು, ಖಜಾಂಚಿ, ರಿಜಿಸ್ಟ್ರಾರ್, ಮೈದಾನ ನೋಡಿಕೊಳ್ಳುವವರು, ರೆಫ್ರಿಗಳನ್ನು ಹೊಂದಿಸುವವರು, ಎಲ್ಲರೂ ಯಾರದ್ದೋ ಅಪ್ಪ ಅಮ್ಮ. ಹಗಲು ತಮ್ಮ ನೌಕರಿ ಮಾಡಿ ರಾತ್ರಿ ಹತ್ತು ಗಂಟೆಗೆ ನಿಮ್ಮ ಮೇಲ್‌ಗೆ ಉತ್ತರ ಬರೆಯುವವರು. ನಮ್ಮ ಊರಿನ ಗಣೇಶೋತ್ಸವ ಸಮಿತಿ ಹೇಗೋ ಹಾಗೆಯೇ. ಆದರೆ ಸಮಿತಿಗೆ ರಶೀದಿ ಹರಿಸಿ ದುಡ್ಡು ಕೊಟ್ಟರೆ ನಿಮ್ಮ ಜವಾಬ್ದಾರಿ ಮುಗಿಯಿತು. ಪೆಂಡಾಲ್ ಹಾಕಲು ಹುಡುಗರು ಹೇಗೂ ಬರುತ್ತಾರೆ. ಅಲ್ಲಿ ಬೇರೆ ಹುಡುಗರು ಇಲ್ಲ. ಗೋಲ್ ಪೋಸ್ಟ್ ಎಳೆದು ತಂದು ಬಲೆ ಕಟ್ಟುವವರು ನೀವೇ.

ದೇಶದಾದ್ಯಂತ ಇಂಥ ಕ್ಲಬ್ಬುಗಳ ಮೇಲೆ ದೊಡ್ಡ ಸಂಸ್ಥೆಗಳಿವೆ. ಎವೈಎಸ್‌ಒ (ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್) 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಶುರುವಾಯಿತು. ಯು.ಎಸ್. ಯೂತ್ ಸಾಕರ್ 1974ರದ್ದು. ನಿಮ್ಮ ಊರಿನ ಕ್ಲಬ್ಬು ಯಾವುದಕ್ಕೆ ಸೇರಿದೆ ಎಂದು ನೋಡಿಕೊಂಡರೆ ಅರ್ಧ ನಿಯಮ ತಾನಾಗಿ ತಿಳಿಯುತ್ತದೆ. ಎವೈಎಸ್‌ಒದಲ್ಲಿ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕಡೇಪಕ್ಷ ಅರ್ಧ ಹೊತ್ತು ಆಡಲೇಬೇಕು. ಆಟ ಬರಲಿ, ಬಾರದಿರಲಿ. ಟೀಮುಗಳನ್ನು ಪ್ರತಿ ವರ್ಷ ಕಲಸಿ ಸಮಬಲ ಮಾಡುತ್ತಾರೆ. ಆದ್ದರಿಂದ 'ನಮ್ಮ ಮಗ ಪಕ್ಕದ ಮನೆಯ ಮಗನ ಟೀಮಿನಲ್ಲೇ ಇರಲಿ' ಎಂದು ಬರೆದರೂ ಆಗಿಯೇ ಆಗುತ್ತದೆ ಎಂದಿಲ್ಲ. ಅದಕ್ಕೆ ಜಗಳ ಮಾಡಬೇಡಿ.

ಇನ್ನು ವಯಸ್ಸಿನ ಲೆಕ್ಕ. ಮೊದಲು ಹುಟ್ಟಿದ ವರ್ಷದ ಮೇಲೆ, ಜನವರಿಯಿಂದ ಡಿಸೆಂಬರ್ ತನಕ ಒಂದು ಗುಂಪು ಎಂದಿತ್ತು. 2026-27ರ ಸೀಸನ್‌ನಿಂದ ಹೆಚ್ಚಿನ ಕ್ಲಬ್ಬುಗಳಲ್ಲಿ ಆಗಸ್ಟ್ 1ರಿಂದ ಜುಲೈ 31 ಎಂಬ ಲೆಕ್ಕ. ಎರಡು ವರ್ಷ ಹಿಂದೆ ಹೋದ ಗೆಳೆಯ ಹೇಳಿದ್ದನ್ನು ನಂಬಬೇಡಿ. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಕೊಡಿ. ನಗರಸಭೆಯ ಜನನ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಬರೆದಿರುವುದಿಲ್ಲ. ಅದನ್ನು ಅಪ್‌ಲೋಡ್ ಮಾಡಿದರೆ ನನ್ನಂಥ ರಿಜಿಸ್ಟ್ರಾರ್ ತಲೆ ಕೆರೆದುಕೊಳ್ಳುತ್ತಾನೆ ಅಷ್ಟೇ.

ಈಗ ದುಡ್ಡು ಹೋಗುವ ಜಾಗಕ್ಕೆ ಬರುತ್ತೇನೆ. ವಾಲಂಟಿಯರ್ ಡೆಪಾಸಿಟ್. ಒಪ್ಪಿಕೊಂಡ ಬಿಟ್ಟಿ ಕೆಲಸ ಮಾಡಿದರೆ ಹಿಂದೆ ಸಿಗುವ ದುಡ್ಡು ಅದು.

ಆನ್‌ಲೈನ್ ಫಾರ್ಮಿನ ಕೊನೆಯ ಹೊತ್ತಿಗೆ ಒಂದು ಪುಟ ಬರುತ್ತದೆ. ಕೋಚ್, ಸಹಾಯಕ ಕೋಚ್, ರೆಫ್ರಿ, ಟೀಮ್ ಪೇರೆಂಟ್ (ಟೀಮಿನ ಮನೆಯವರಿಗೆ ಸುದ್ದಿ ಮುಟ್ಟಿಸುವವರು), ಫೀಲ್ಡ್ ಸೆಟಪ್ (ಮೈದಾನ ಸಜ್ಜು ಮಾಡುವವರು) ಎಂದೆಲ್ಲ ಇರುತ್ತದೆ. ಒಂದನ್ನು ಆರಿಸದೆ ಫಾರ್ಮ್ ಮುಂದೆ ಹೋಗುವುದಿಲ್ಲ. ನಮ್ಮವರು ಏನು ಮಾಡುತ್ತಾರೆ? ಸುಮ್ನೆ ಒಂದಕ್ಕೆ ಟಿಕ್ ಹಾಕಿ ಮುಂದೆ ಒತ್ತುತ್ತಾರೆ. ಆ್ಯಪ್ ಹಾಕಿಕೊಳ್ಳುವಾಗ ಷರತ್ತು ಓದದೆ ಒಪ್ಪಿಗೆ ಕೊಟ್ಟ ರೂಢಿ ಅಲ್ವಾ. ಅದೇ ಹೊತ್ತಿಗೆ ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿರುತ್ತದೆ. ಕೆಲವು ಕಡೆ ನೂರು ಡಾಲರ್, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಕೆಲವು ಕ್ಲಬ್ಬು ಚೆಕ್ ಬರೆಸಿಕೊಂಡು ಇಟ್ಟುಕೊಳ್ಳುತ್ತದೆ. ಕೆಲಸ ಮಾಡಿದರೆ ಚೆಕ್ ಹರಿಯುತ್ತಾರೆ, ಮಾಡದಿದ್ದರೆ ಬ್ಯಾಂಕಿಗೆ ಹಾಕುತ್ತಾರೆ.

ಕದ್ರಿ ಕಡೆಯ ಒಬ್ಬರು ನಮ್ಮ ಕ್ಲಬ್ಬಿನಲ್ಲಿದ್ದರು. ಫೀಲ್ಡ್ ಸೆಟಪ್‌ಗೆ ಟಿಕ್ ಹಾಕಿದ್ದರು. ಒಳ್ಳೆಯ ಮನುಷ್ಯ. ಶನಿವಾರ ಬೆಳಕು ಹರಿಯುವ ಮೊದಲೇ ಬಂದು ಗೋಲ್ ಪೋಸ್ಟ್ ಎತ್ತಿಡುತ್ತಿದ್ದರು, ಮೂಲೆ ಬಾವುಟ ನೆಡುತ್ತಿದ್ದರು. ತನ್ನ ಪಾಲಿನದ್ದು ಮುಗಿದ ಮೇಲೂ ಬೇರೆಯವರದ್ದು ಮಾಡುತ್ತಿದ್ದರು. ಆದರೆ ಶೆಡ್ಡಿನ ಬಾಗಿಲಿಗೆ ತೂಗು ಹಾಕಿದ್ದ ಹಾಳೆಯಲ್ಲಿ ಒಮ್ಮೆಯೂ ಹೆಸರು ಬರೆಯಲಿಲ್ಲ. 'ಮಾಡಿದ್ದನ್ನು ಬರೆದುಕೊಳ್ಳುವುದೆಂತ' ಎಂಬ ಸಂಕೋಚ. ಡಿಸೆಂಬರಿನಲ್ಲಿ ಡೆಪಾಸಿಟ್ ಹಿಂದೆ ಬರಲಿಲ್ಲ. 'ಎಲ್ಲರೂ ನೋಡಿದ್ದಾರಲ್ಲ ಮಾರಾಯ್ರೆ' ಎಂದು ನನ್ನ ಹತ್ತಿರ ಬಂದರು. ನಾನೂ ನೋಡಿದ್ದೆ. ಆದರೆ ಖಜಾಂಚಿ ಕುಳಿತಿರುವುದು ಅವಳ ಮನೆಯಲ್ಲಿ, ಅವಳ ಮುಂದಿರುವುದು ಹಾಳೆಯ ಲೆಕ್ಕ. ಗಡುವು ದಾಟಿತ್ತು. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೂ ಬಿಡಬೇಕು ಎಂದಳು. ಕಠಿಣ ಅನಿಸಿತು, ಆದರೆ ಅವಳ ಮಾತು ತಪ್ಪು ಎಂದು ಹೇಳಲು ನನಗೆ ಆಗಲಿಲ್ಲ.

ಇನ್ನೊಬ್ಬರದ್ದು ಬೇರೆ ಕಥೆ. ಆ ಶನಿವಾರ ತನಗೆ ಬಿಡುವಿಲ್ಲ ಎಂದು ಭಾವನನ್ನು ಕಳಿಸಿದರು. ನಮ್ಮಲ್ಲಿ ಅದು ಸಹಜ. ಮನೆಯಿಂದ ಒಬ್ಬ ಬಂದರೆ ಸಾಕು. ಅಲ್ಲಿ ಭಾವನಿಗೆ ಹಿನ್ನೆಲೆ ತಪಾಸಣೆ, ಅಂದರೆ ಹಿಂದೆ ಅಪರಾಧದ ದಾಖಲೆ ಇದೆಯೇ ಎಂಬ ಪರಿಶೀಲನೆ, ಆಗಿರಲಿಲ್ಲ. ಮಕ್ಕಳ ಟೀಮಿನ ಕೆಲಸಕ್ಕೆ ಬರುವ ದೊಡ್ಡವರನ್ನು ಕ್ಲಬ್ಬು ಮೊದಲೇ ತಪಾಸಣೆ ಮಾಡಿರಬೇಕು. ಮಕ್ಕಳ ಸುರಕ್ಷತೆಯ ಸೇಫ್‌ಸ್ಪೋರ್ಟ್ ತರಬೇತಿ, ತಲೆಗೆ ಪೆಟ್ಟಾದರೆ ಏನು ಮಾಡಬೇಕು ಎಂಬ ತರಬೇತಿ, ಎರಡನ್ನೂ ಆನ್‌ಲೈನಿನಲ್ಲಿ ಮುಗಿಸಿರಬೇಕು. ಕ್ಯಾಲಿಫೋರ್ನಿಯಾದಲ್ಲಂತೂ 2022ರ ಜನವರಿಯಿಂದ ಕಾನೂನೇ ಇದೆ. ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಜಾಸ್ತಿ ಮಕ್ಕಳ ಜೊತೆ ಇರುವ ವಾಲಂಟಿಯರ್ ಬೆರಳಚ್ಚು ಕೊಡಬೇಕು. ಭಾವನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು. ಇವರಿಗೆ ಅವಮಾನ ಆಯಿತು. ನನಗೆ ಕೇಳಿದರೆ, ಇದೊಂದು ವಿಷಯದಲ್ಲಿ ಅವರ ಪದ್ಧತಿ ನಮಗಿಂತ ಎಷ್ಟೋ ಮೇಲು. ಮಕ್ಕಳನ್ನು ಯಾರ ಕೈಗೆ ಕೊಡುತ್ತೇವೆ ಎಂದು ನಮ್ಮ ಬೇಸಿಗೆ ಶಿಬಿರಗಳಲ್ಲಿ ಎಷ್ಟು ಜನ ಕೇಳುತ್ತೇವೆ?

ಹಾಗಾಗಿ ಹೀಗೆ ಮಾಡಿ. ಟಿಕ್ ಹಾಕುವ ಮೊದಲು ಆ ಕೆಲಸಕ್ಕೆ ಎಷ್ಟು ಗಂಟೆ, ಯಾವ ತರಬೇತಿ, ಅದು ಯಾವ ತಿಂಗಳಲ್ಲಿ ಎಂದು ಮೇಲ್ ಹಾಕಿ ಕೇಳಿ. ಮಾಡಿದ ದಿನವೇ ಹೆಸರು ಬರೆಯಿರಿ, ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಡೆಪಾಸಿಟ್ ತಾನಾಗಿ ಹಿಂದೆ ಬರುತ್ತದೋ, ನಾವು ಕೇಳಬೇಕೋ, ಕೇಳುವುದಕ್ಕೆ ಕೊನೆಯ ದಿನ ಯಾವುದು? ಇದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದವರು ರಿಜಿಸ್ಟ್ರಾರ್‌ಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ತಪಾಸಣೆ ಫಾರ್ಮ್ ಅರ್ಧದಲ್ಲಿ ನಿಲ್ಲಬಹುದು.

'ಆ ದುಡ್ಡು ಹೋಗಲಿ ಬಿಡಿ, ನನಗೆ ಪುರುಸೊತ್ತಿಲ್ಲ' ಎನ್ನುವವರು ತುಂಬ ಜನ. ಕೆಲವು ಕ್ಲಬ್ಬಿನಲ್ಲಿ ಅದಕ್ಕೂ ದಾರಿ ಇದೆ. ಜಾಸ್ತಿ ಕಟ್ಟಿ ಕೆಲಸದಿಂದ ಬಿಡಿಸಿಕೊಳ್ಳಬಹುದು. ನಮ್ಮ ಐಟಿ ಹುಡುಗರು ಹೆಚ್ಚಾಗಿ ಇದನ್ನೇ ಮಾಡುತ್ತಾರೆ. ನಾನು ಬೇಡ ಎನ್ನುತ್ತೇನೆ. ಒಂದು ವರ್ಷ ನಮ್ಮಲ್ಲಿ ಏಳು ವರ್ಷದ ಮಕ್ಕಳ ಒಂದು ಇಡೀ ಟೀಮಿಗಾಗುವಷ್ಟು ಹೆಸರು ವೇಟ್‌ಲಿಸ್ಟಿನಲ್ಲಿತ್ತು. ಮೈದಾನ ಇತ್ತು, ಜೆರ್ಸಿ ಇತ್ತು, ದುಡ್ಡೂ ಬಂದಿತ್ತು. ಕೋಚ್ ಆಗಲು ಒಬ್ಬ ಅಪ್ಪ, ಒಬ್ಬ ಅಮ್ಮ ಸಿಗಲಿಲ್ಲ. ಆ ಟೀಮ್ ಆಗಲೇ ಇಲ್ಲ. ಅದರಲ್ಲಿ ಅರ್ಧದಷ್ಟು ಮನೆಯವರು ನಮ್ಮ ದೇಶದವರೇ.

ಸಹಾಯಕ ಕೋಚ್‌ಗೆ ಟಿಕ್ ಹಾಕಿ ಎಂಬುದು ನನ್ನ ಸಲಹೆ. ಹೇಗೂ ಮಗುವನ್ನು ಪ್ರಾಕ್ಟೀಸಿಗೆ ಬಿಟ್ಟು ಕಾರಿನಲ್ಲಿ ಕೂತು ಫೋನ್ ನೋಡುತ್ತೀರಿ. ಆ ಹೊತ್ತಿನಲ್ಲಿ ಕೋನ್ ಇಡಬಹುದು. ಫುಟ್‌ಬಾಲ್ ಗೊತ್ತಿರಬೇಕೆಂದಿಲ್ಲ. ಸಣ್ಣ ಮಕ್ಕಳದ್ದು ನಾಲ್ಕು ಜನರ ವಿರುದ್ಧ ನಾಲ್ಕು ಜನರ ಆಟ. ಒಂದು ಸಣ್ಣ ತರಬೇತಿ ಕ್ಲಬ್ಬೇ ಕೊಡುತ್ತದೆ.

ವೀಸಾದಲ್ಲಿರುವವರಿಗೆ ಒಂದು ಎಚ್ಚರಿಕೆ. ಲಾಭಕ್ಕಲ್ಲದ ಕ್ಲಬ್ಬಿಗೆ ಬಿಟ್ಟಿ ದುಡಿಯುವುದು ಬೇರೆ, ದುಡ್ಡು ತೆಗೆದುಕೊಳ್ಳುವುದು ಬೇರೆ. ಕೆಲವು ಕ್ಲಬ್ಬಿನಲ್ಲಿ ರೆಫ್ರಿಗೆ ಪಂದ್ಯಕ್ಕೆ ಇಷ್ಟು ಎಂದು ಕೊಡುತ್ತಾರೆ. ಉದ್ಯೋಗದ ಎಚ್-1ಬಿ ಇರಲಿ, ಅವರ ಗಂಡ-ಹೆಂಡತಿ, ಮಕ್ಕಳಿಗೆ ಸಿಗುವ, ಕೆಲಸದ ಪರವಾನಗಿ ಇಲ್ಲದ ಎಚ್-4 ಇರಲಿ, ಆ ದುಡ್ಡು ಮುಟ್ಟಬೇಡಿ. ಅದು ಕೆಲಸ ಎಂದೇ ಲೆಕ್ಕವಾಗಬಹುದು. ಎಚ್-4ನಲ್ಲಿರುವ ಹದಿಮೂರು-ಹದಿನಾಲ್ಕರ ಮಕ್ಕಳಿಗೂ ಇದೇ ಮಾತು. ಅವರ ಅಮೆರಿಕನ್ ಗೆಳೆಯರು ರೆಫ್ರಿ ಮಾಡಿ ಪಾಕೆಟ್ ಮನಿ ಮಾಡುತ್ತಾರೆ, ಇವರಿಗೂ ಆಸೆಯಾಗುತ್ತದೆ. ಕೋಚ್ ಆದರೆ ಫೀಸು ಮಾಫಿ ಎಂದು ಕ್ಲಬ್ಬಿನವರು ಹೇಳಿದರೂ ಮೊದಲು ನಿಮ್ಮ ವೀಸಾ ವಕೀಲರನ್ನು ಕೇಳಿ. ಕ್ಲಬ್ಬಿನವರಿಗೆ ಇದು ಗೊತ್ತಿರುವುದಿಲ್ಲ.

ಮೈದಾನದ ಬದಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಿವಿಯೋಲೆ ಹಾಕಿಕೊಂಡು ಆಡುವಂತಿಲ್ಲ. ಟೇಪ್ ಅಂಟಿಸಿದರೂ ಇಲ್ಲ. ಅಲ್ಲಿನ ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಯ ಒತ್ತಾಯಕ್ಕೆ ಮಗಳ ಕಿವಿ ಚುಚ್ಚಿಸುತ್ತೀರಿ. ತೂತು ಮಾಗುವ ಮೊದಲೇ ಸೀಸನ್ ಶುರು. ಓಲೆ ತೆಗೆದರೆ ತೂತು ಮುಚ್ಚುತ್ತದೆ, ತೆಗೆಯದಿದ್ದರೆ ರೆಫ್ರಿ ಬಿಡುವುದಿಲ್ಲ. ಕಿವಿ ಚುಚ್ಚಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಚುಚ್ಚಿಸಿ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ತಲೆಯಿಂದ ಬಾಲ್ ಹೊಡೆಯುವಂತಿಲ್ಲ. 2015ರಲ್ಲಿ ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಯು.ಎಸ್. ಸಾಕರ್ ತಂದ ನಿಯಮ ಅದು. ಆಚೆಯಿಂದ 'ಹೆಡ್ ಮಾಡು' ಎಂದು ಕೂಗಿದರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ.

ಕೂಗುವುದೇ ಬೇಡ ಎನ್ನಿ. ಮಂಗಳೂರಿನ ನೆಹರೂ ಮೈದಾನದಲ್ಲಿ ಕಟ್ಟೆಯ ಮೇಲೆ ಕೂತವರೆಲ್ಲ ಕೋಚ್‌ಗಳೇ. ಅಲ್ಲಿ ಹಾಗಲ್ಲ. ರೆಫ್ರಿ ಎಷ್ಟೋ ಸಲ ಹೈಸ್ಕೂಲ್ ಹುಡುಗ ಅಥವಾ ಹುಡುಗಿ. 2025ರ ಮಾರ್ಚಿನಿಂದ ರೆಫ್ರಿಯನ್ನು ನಿಂದಿಸುವವರ ಮೇಲೆ ಯು.ಎಸ್. ಸಾಕರ್‌ನ ಕಠಿಣ ನೀತಿ ಜಾರಿಯಲ್ಲಿದೆ. ತುಳುವಿನಲ್ಲಿ ಬೈದರೆ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ. ದನಿಯಲ್ಲೇ ಗೊತ್ತಾಗುತ್ತದೆ.

ಮಳೆ ನಮ್ಮವರನ್ನು ತುಂಬ ಕಾಡುತ್ತದೆ. ಕೆಸರ್ಡೊಂಜಿ ದಿನ (ಕೆಸರಿನಲ್ಲೊಂದು ದಿನ) ಗದ್ದೆಯಲ್ಲಿ ಬಿದ್ದು ಹೊರಳಾಡಿದ ನಮಗೆ ಒಂದು ಹದ ಮಳೆಗೆ ಮೈದಾನ ಮುಚ್ಚಿದರೆ ನಗು ಬರುತ್ತದೆ. ಆದರೆ ಹುಲ್ಲು ಹೆಚ್ಚಿನ ಕಡೆ ನಗರದ ಪಾರ್ಕ್ ಇಲಾಖೆಯದ್ದು. ಮುಚ್ಚಿದ ಮೈದಾನದಲ್ಲಿ ಆಡಿದರೆ ಇಡೀ ಕ್ಲಬ್ಬಿನ ಪರವಾನಗಿಗೆ ಕುತ್ತು ಬರಬಹುದು. ಗುಡುಗು ಕೇಳಿದರೆ ಎಲ್ಲರೂ ಕಾರಿಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮತ್ತೆ ಗುಡುಗಿದರೆ ಮತ್ತೆ ಮೊದಲಿನಿಂದ 30. ಸಿಡಿಲಿನ ವಿಷಯದಲ್ಲಿ ನಾವು ನಗುವ ಹಾಗಿಲ್ಲ.

ಯಾವ ಪದ್ಧತಿ ಒಳ್ಳೆಯದು ಎಂದು ಕೇಳುತ್ತಾರೆ. ಮಂಗಳೂರಿನ ಕಸಬಾ ಬೆಂಗ್ರೆಯ ಮಕ್ಕಳು ಮರಳಲ್ಲಿ ಆಡಿಯೇ ಫುಟ್‌ಬಾಲ್ ಕಲಿತವರು. ಫಾರ್ಮ್ ಇಲ್ಲ, ಡೆಪಾಸಿಟ್ ಇಲ್ಲ, ಅಪ್ಪನ ಕಾರು ಬೇಕಿಲ್ಲ. ಆದರೆ ಆಟ ಬಾರದ ಹುಡುಗನಿಗೆ ನಮ್ಮಲ್ಲಿ ಸಿಗುವುದು ಹೊರಗೆ ಹೋದ ಬಾಲ್ ಹೆಕ್ಕುವ ಕೆಲಸ. ಹತ್ತು ವರ್ಷದ ತನಕ ಅವರದ್ದೇ ಮೇಲು ಎಂದು ನನ್ನ ಲೆಕ್ಕ. ಆಮೇಲೆ ನಮ್ಮದೇ ಮೇಲು. ಏಕೆಂದರೆ ಆಮೇಲೆ ಅಲ್ಲಿ ಆಯ್ದ ಮಕ್ಕಳು ಬೇರೆ ಊರುಗಳಿಗೆ ಹೋಗಿ ಆಡುವ ಟ್ರಾವೆಲ್ ಟೀಮ್ ಎಂಬುದು ಶುರುವಾಗುತ್ತದೆ. ವಾಲಂಟಿಯರ್ ಕ್ಲಬ್ಬಿನ ಫೀಸು ಸೀಸನ್‌ಗೆ ಕೆಲವು ನೂರು ಡಾಲರಿನಲ್ಲಿ ಮುಗಿಯುತ್ತದೆ. ಟ್ರಾವೆಲ್ ಟೀಮಿಗೆ ವರ್ಷಕ್ಕೆ ಸಾವಿರಗಟ್ಟಲೆ. ಟೂರ್ನಮೆಂಟಿನ ಹೋಟೆಲ್ ಬೇರೆ. ಸಂಬಳದ ಕೋಚ್ 'ನಿಮ್ಮ ಮಗನಲ್ಲಿ ಏನೋ ಇದೆ' ಎಂದ ತಕ್ಷಣ ಸಹಿ ಹಾಕಬೇಡಿ. ಇಡೀ ವರ್ಷದ ಒಪ್ಪಂದ ಅದು. ಹೆಚ್ಚಿನ ಕಡೆ ನಡುವೆ ಬಿಟ್ಟರೂ ಉಳಿದ ಕಂತು ಕಟ್ಟಬೇಕು.

ಊರಿಗೆ ಬರುವವರು ಇಷ್ಟು ಮಾಡಿಕೊಳ್ಳಿ. ಶರತ್ಕಾಲದ ಸೀಸನ್‌ಗೆ ನೋಂದಣಿ ಅದೇ ವರ್ಷದ ವಸಂತದಲ್ಲಿ ಶುರುವಾಗುತ್ತದೆ. ಟಿಕೆಟ್ ಮಾಡುವ ಮೊದಲೇ ಫಾರ್ಮ್ ತುಂಬಿ. ಟೀಮ್ ಮಾಡುವುದು, ಕೋಚ್ ಫೋನ್ ಮಾಡುವುದು ಎಲ್ಲ ಜುಲೈ-ಆಗಸ್ಟಿನಲ್ಲೇ, ನೀವು ಮಲ್ಪೆಯಲ್ಲಿ ಸಮುದ್ರ ನೋಡುತ್ತಿರುವಾಗ. ಹೊರಡುವ ಮೊದಲು ರಿಜಿಸ್ಟ್ರಾರ್‌ಗೆ ಒಂದು ಸಾಲು ಬರೆಯಿರಿ: ಇಂಥ ದಿನದ ತನಕ ಭಾರತದಲ್ಲಿರುತ್ತೇವೆ, ಇಂಥ ದಿನದಿಂದ ಪ್ರಾಕ್ಟೀಸಿಗೆ ಬರುತ್ತೇವೆ, ಅಮೆರಿಕದ ನಂಬರ್ ಹತ್ತದಿದ್ದರೆ ಮೇಲ್ ಹಾಕಿ. ಆ ಒಂದು ಸಾಲು ಬರೆದವರ ಮಕ್ಕಳ ಹೆಸರನ್ನು ನಾನು ಪಟ್ಟಿಯಿಂದ ತೆಗೆದ ನೆನಪಿಲ್ಲ. ಸ್ಪ್ಯಾಮ್ ಫೋಲ್ಡರನ್ನೂ ವಾರಕ್ಕೊಮ್ಮೆ ನೋಡಿ. ಕ್ಲಬ್ಬಿನ ಮೇಲ್‌ಗಳು ಹೋಗಿ ಕೂರುವುದು ಅಲ್ಲೇ.